ಹೊರಗೆ ಮಲಗುವ ಬಾಟಲಿ

ಕೊಬ್ಬು ಕರಗುವ ವಾಸನೆ ಮೊದಲು ಬಟ್ಟೆಗೆ ಹತ್ತುತ್ತದೆ, ಆಮೇಲೆ ಕೂದಲಿಗೆ, ಕಡೆಗೆ ಹೆಸರಿಗೇ ಅಂಟಿಕೊಳ್ಳುತ್ತದೆ. ಅತ್ತಿಗೆಗೆ ಇದು ಚಿಕ್ಕಂದಿನಲ್ಲೇ ತಿಳಿದಿತ್ತು. ಅವಳ ಅಪ್ಪನದು ಮಾಂಸದ ಅಂಗಡಿ. ಅಂಗಡಿಯ ಹಿಂದೆ, ತಗಡಿನ ಮಾಡಿನ ಕೆಳಗೆ, ಮಾರಾಟವಾಗದೆ ಉಳಿದ ಕೊಬ್ಬಿನ ಚೂರುಗಳನ್ನು ಅಮ್ಮ ದೊಡ್ಡ ಕಬ್ಬಿಣದ ಬಾಣಲೆಗೆ ಹಾಕಿ ಕರಗಿಸಿ ಸಾಬೂನು ಮಾಡುವವರಿಗೆ ಕೊಡುತ್ತಿದ್ದಳು. ಮೊದಲು ಒದ್ದೆ ಕಂಬಳಿಯ ಹಾಗೆ, ಆಮೇಲೆ ತಳ ಹತ್ತಿದ ಹಾಲಿನ ಹಾಗೆ, ಕಡೆಗೆ ಬೇರೆ ಯಾವುದರ ಹಾಗೂ ಅಲ್ಲದೆ ತನ್ನ ಹಾಗೆಯೇ ನಾರುವ ಆ ವಾಸನೆಯನ್ನು ಹೊತ್ತುಕೊಂಡು ಅವಳು ಶಾಲೆಗೆ ಹೋಗಬೇಕಾಗಿತ್ತು. ಬೆಂಚಿನಲ್ಲಿ ಕೂತರೆ ಪಕ್ಕದವರು ಒಬ್ಬೊಬ್ಬರಾಗಿ ಜರುಗಿಕೊಳ್ಳುತ್ತಿದ್ದರು. ಜರುಗದವಳು ಒಬ್ಬಳೇ, ಕನ್ನಡಕದ ಹುಡುಗಿ. "ನನಗೆ ನೆಗಡಿ ಕಣೇ, ಏನೂ ಗೊತ್ತಾಗಲ್ಲ" ಎನ್ನುತ್ತಿದ್ದಳು. ವರ್ಷವಿಡೀ ಯಾರಿಗೂ ನೆಗಡಿ ಇರುವುದಿಲ್ಲ ಎಂಬುದು ಅತ್ತಿಗೆಗೆ ಹೊಳೆದದ್ದು ಮಾತ್ರ ದೊಡ್ಡವಳಾದ ಮೇಲೆ.

ಆ ವಾಸನೆಯಿಂದ ಪಾರಾಗಲೆಂದೇ ಅವಳು ಮೆಕ್ಯಾನಿಕ್ ಒಬ್ಬನನ್ನು ಒಪ್ಪಿ ಮದುವೆಯಾದಳು. ಗ್ರೀಸಿನ ವಾಸನೆ ಅವಳಿಗೆ ಅತ್ತರಿನಂತಿತ್ತು. ಆದರೆ ಆ ಮಹಾನುಭಾವ, ಮಕ್ಕಳೆಲ್ಲ ಕೈಗೆ ಬಂದ ಮೇಲೆ, ಒಂದು ದಿನ ಎಲ್ಲಿಂದಲೋ ಹೊಸ ವಿದ್ಯೆ ಕಲಿತು ಬಂದ. ಹೋಟೆಲಿನವರು ಕರಿದು ಕರಿದು ಕಪ್ಪಾಗಿಸಿ ಚೆಲ್ಲುವ ಎಣ್ಣೆ, ಮಾಂಸದ ಅಂಗಡಿಯವರು ಬಿಸಾಡುವ ಕೊಬ್ಬು, ಇವೆರಡನ್ನೂ ಕಾಯಿಸಿ, ಸೋಸಿ, ನೀರಿನಂಶ ತೆಗೆದು, ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ ಕಲಕಿ ಬಿಡುವುದು. ಕಂದು ಗ್ಲಿಸರಿನ್ ತಳಕ್ಕೆ ಕೂರುತ್ತದೆ, ಜೇನುಬಣ್ಣದ ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ತೊಳೆದು ಒಣಗಿಸಿದರೆ ಲಾರಿ, ಬಸ್ಸು ಏನು ಬೇಕಾದರೂ ಓಡುತ್ತದೆ.

"ಅಲ್ಲಾ ರೀ, ತಪ್ಪಿಸಿಕೊಂಡು ಬಂದವಳನ್ನ ಮತ್ತೆ ಅದೇ ಬಾಣಲೆ ಮುಂದೆ ತಂದು ನಿಲ್ಲಿಸಿದ್ರಲ್ಲ?" ಎಂದು ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೇಳಿದ್ದಳು.

"ಬಾಣಲೆ ಅಲ್ಲ ಕಣೇ, ರಿಯಾಕ್ಟರ್ ಅನ್ನು" ಎಂದಿದ್ದ ಮೆಕ್ಯಾನಿಕ್.

ಅಂದಿನಿಂದ ಆ ಬಟ್ಟೆ ಅವಳ ಕೊರಳಿನಲ್ಲೇ ಉಳಿಯಿತು. ಅತ್ತಿಗೆಯ ಮೂಗು ಎಂದರೆ ಅಂಗಳದಲ್ಲಿ ಎಲ್ಲರಿಗೂ ತಮಾಷೆ. ಅತ್ತಿಗೆ ಎಂಬ ಹೆಸರನ್ನು ಅವಳಿಗೆ ಸಾರ್ವಜನಿಕವಾಗಿ ಕೊಟ್ಟವಳು ನಾದಿನಿ, ಮೆಕ್ಯಾನಿಕನ ತಂಗಿ. ಕೆಲಸ ಮಾಡುತ್ತಿದ್ದ ಸಿದ್ಧ ಉಡುಪಿನ ಕಾರ್ಖಾನೆ ಮುಚ್ಚಿದ್ದರಿಂದ ಅವಳು ಈಚೆಗೆ ಅಣ್ಣನ ಮನೆಗೆ ಬಂದು, ಹೋಟೆಲುಗಳಿಂದ ಎಣ್ಣೆಯ ಡಬ್ಬಗಳನ್ನು ಒಟ್ಟುಮಾಡಿ ತರುವ ಕೆಲಸ ಹಿಡಿದಿದ್ದಳು. ದಿನವಿಡೀ ಅವಳು "ಅತ್ತಿಗೆ, ಅತ್ತಿಗೆ" ಎಂದು ಕೂಗಿದ್ದೇ ಕೂಗಿದ್ದು, ಲಾರಿಯವರಿಗೂ ಹೋಟೆಲಿನವರಿಗೂ ಇವಳು ಅತ್ತಿಗೆಯೇ ಆಗಿಹೋದಳು. ಇಲ್ಲಿಯೂ ಹಾಗೇ ಇರಲಿ.

ಕೊಬ್ಬಿನಿಂದ ಮಾಡಿದ ಬಯೋಡೀಸೆಲ್‌ಗೆ ಒಂದು ಕೆಟ್ಟ ಗುಣವಿದೆ. ಬೆಚ್ಚಗಿರುವ ತನಕ ಕರಿದ ಎಣ್ಣೆಯಿಂದ ಮಾಡಿದ್ದಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಚಳಿ ಬಿದ್ದರೆ ಮಾತ್ರ ಮೊದಲು ಮಂಜು ಮಂಜಾಗಿ, ಆಮೇಲೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಬೇಸಗೆಯಲ್ಲಿ ಅದರದೇನೂ ತಂಟೆಯಿಲ್ಲ. ಚಳಿಗಾಲದಲ್ಲಿ ಗಾಡಿಗೆ ಹಾಕುವಂತಿಲ್ಲ. ಬಟ್ಟೆ ಒಗೆಯುವ ಕಾರ್ಖಾನೆಯ ಬಾಯ್ಲರಿಗೆ ಕೊಟ್ಟುಬಿಡಬೇಕು. ಒಂದೊಂದು ಸಲ ಎಣ್ಣೆ ಹೆಚ್ಚು ಬರುತ್ತದೆ, ಒಂದೊಂದು ಸಲ ಕೊಬ್ಬು. ಎರಡೂ ಬೆರೆತ ಮೇಲೆ ಚಳಿಗೆ ಎಷ್ಟು ತಡೆದೀತು ಎಂದು ಹೇಳುವವರು ಯಾರು? ಮೆಕ್ಯಾನಿಕ್ ಒಂದು ಕಟ್ಟುಪಾಡು ಮಾಡಿದ್ದ. ಪ್ರತಿ ಸಲ ಹೊಸದಾಗಿ ಇಳಿಸಿದ ಇಂಧನದ ಒಂದು ಬಾಟಲಿ ರಾತ್ರಿಯಿಡೀ ಹೊರಗೆ, ಹಿಂಬದಿಯ ಕಿಟಕಿಯ ಹಲಗೆಯ ಮೇಲೆ ಮಲಗಬೇಕು. ಬೆಳಿಗ್ಗೆ ಅತ್ತಿಗೆ ಹೋಗಿ ನೋಡಬೇಕು. ತಿಳಿಯಾಗಿದ್ದರೆ ಗಾಡಿಗೆ, ಬಿಳಿಯಾಗಿದ್ದರೆ ಬಾಯ್ಲರಿಗೆ. "ನಾವು ಹೇಳೋದಲ್ಲ, ಬಾಟಲಿ ಹೇಳಬೇಕು" ಎನ್ನುತ್ತಿದ್ದ.

ಆ ಬೆಳಿಗ್ಗೆ ಬಾಟಲಿ ಒಳಗಿತ್ತು.

ಹಿಂದಿನ ವಾರ ಹಿಂಬದಿಯ ಮೆಟ್ಟಿಲ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಅತ್ತಿಗೆ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದಳು. ಕೈಗೆ ಪಟ್ಟಿ ಸುತ್ತಿಕೊಂಡು ಕೆಲಸದ ಕೋಣೆಗೆ ಬಂದಾಗ ಒಲೆಯ ಮೇಲಿನ ಹಲಗೆಯಲ್ಲಿ, ಒರೆಸಿ ಥಳಥಳ ಮಾಡಿದ ಬಾಟಲಿ ಕೂತಿತ್ತು. ಪಾಪ, ನಾದಿನಿ ಈಗಷ್ಟೇ ಹೊರಗಿಂದ ತಂದಿಟ್ಟಿದ್ದಾಳೆ, ನನಗೆ ಮೆಟ್ಟಿಲಿಳಿಯುವ ಕಷ್ಟ ಬೇಡವೆಂದು. ಹೀಗೆಂದುಕೊಂಡು ಅತ್ತಿಗೆಯ ಮನಸ್ಸು ತುಂಬಿತು. ಬಗ್ಗಿ ಬಾಟಲಿಯ ಆಚೆಯಿಂದ ಕಿಟಕಿ ನೋಡಿದಳು. ಕಿಟಕಿಯ ಸರಳುಗಳು ಜೇನಿನೊಳಗಿಂದ ಕಂಡಂತೆ ಸ್ಪಷ್ಟವಾಗಿ ಕಂಡವು. ಮುಟ್ಟಿದ್ದರೆ ಗಾಜು ಬೆಚ್ಚಗಿರುವುದು ತಿಳಿಯುತ್ತಿತ್ತು. ಮುಟ್ಟಲಿಲ್ಲ.

"ಬಂಗಾರದ ಹಾಗಿದೆ" ಎಂದಳು. "ಆಸ್ಪತ್ರೆ ವ್ಯಾನಿಗೆ ತುಂಬಿಸಿಬಿಡಿ."

ಆಸ್ಪತ್ರೆಯ ವ್ಯಾನು ಮೂತ್ರಪಿಂಡ ಕೆಟ್ಟವರನ್ನು ಗುಡ್ಡದಾಚೆಯ ಊರಿಗೆ ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನು. ಅದರ ಡ್ರೈವರನಿಗೆ ಆಮೆ ಎಂದು ಹೆಸರು. ತಿರುವು ಕಂಡರೆ ಇಳಿದು ನೋಡಿ ಬಂದು ಆಮೇಲೆ ಗಾಡಿ ತಿರುಗಿಸುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವತ್ತು ವ್ಯಾನಿನಲ್ಲಿ ಹೊರಟವರಲ್ಲಿ ಅತ್ತಿಗೆಯ ಅತ್ತೆಯೂ ಒಬ್ಬಳು. ಗಡಿಯಾರ ರಿಪೇರಿ ಮಾಡುವ ಹಿರಿಯರು ಇನ್ನೊಬ್ಬರು. ಇನ್ನಿಬ್ಬರು ಹಿಂದಿನ ಸೀಟಿನಲ್ಲಿ ಆಗಲೇ ಕಣ್ಣು ಮುಚ್ಚಿಕೊಂಡಿದ್ದರು. ಗಡಿಯಾರದವರು ಹೆಂಡತಿ ಹೆಣೆದ ದಪ್ಪ ಉಣ್ಣೆಯ ಕೈಗವಸು ಹಾಕಿಕೊಂಡೇ ಅತ್ತೆಯ ಕೈ ಹಿಡಿದು ಹತ್ತಿಸಿಕೊಂಡರು.

"ಬನ್ನಿ ತಾಯಿ, ನಿಮಗಾಗಿ ಕಿಟಕಿ ಪಕ್ಕ ಸೀಟು ಕಾದಿರಿಸಿದೀನಿ."

"ಅಲ್ಲಿ ಗಾಳಿ ಜಾಸ್ತಿ ಅಂತ ನನ್ನ ಕೂರಿಸ್ತಿದೀಯಾ, ಗೊತ್ತು ಬಿಡಪ್ಪಾ" ಎಂದಳು ಅತ್ತೆ.

ವ್ಯಾನು ಹೊರಟಿತು. ಒಳಗೆ ಬೆಚ್ಚಗಿದ್ದ ಡ್ರಮ್ಮಿನ ಇಂಧನ ಕುಡಿದು ಚೆನ್ನಾಗಿಯೇ ಹೊರಟಿತು.

ಅತ್ತಿಗೆ ಪಾತ್ರೆ ತೊಳೆಯಲು ಕೂತದ್ದು ಎಷ್ಟೋ ಹೊತ್ತಾದ ಮೇಲೆ. ಅತ್ತೆ ಹಿಂದಿನ ರಾತ್ರಿ ಮೂಸಿ ಬಿಟ್ಟ ಮಾಂಸದ ಸಾರಿನ ಬಟ್ಟಲು ಎಲ್ಲಿ ಹೋಯಿತೆಂದು ಹುಡುಕಿದರೆ, ಅದು ಹಿಂಬದಿಯ ಕಿಟಕಿಯ ಹಲಗೆಯ ಮೇಲಿತ್ತು. ಒಳಗೆ ವಾಸನೆ ಆದೀತೆಂದು ತಾನೇ ಅಲ್ಲಿಟ್ಟಿದ್ದಳು. ಬಟ್ಟಲಿನ ಮೇಲೆ ಬೆರಳು ದಪ್ಪದ ಬಿಳಿ ಕೊಬ್ಬು ಕಟ್ಟಿತ್ತು. ಚಮಚದಲ್ಲಿ ಕುಟ್ಟಿದರೆ ಟಕ್ ಎಂದಿತು.

ಬಟ್ಟಲಿನ ಪಕ್ಕದಲ್ಲಿ, ಇಬ್ಬನಿಯ ನಡುವೆ, ಒಣಗಿದ ಒಂದು ದುಂಡು ಗುರುತಿತ್ತು. ಬಾಟಲಿ ಮಲಗಿದ್ದ ಜಾಗ.

ಅತ್ತಿಗೆ ಆ ಬಿಳುಪನ್ನೂ ಆ ಗುರುತನ್ನೂ ನೋಡುತ್ತಾ ನಿಂತಳು. ರಾತ್ರಿಯಿಡೀ ಅಕ್ಕಪಕ್ಕದಲ್ಲಿ ಒಂದೇ ಚಳಿಯಲ್ಲಿ ಎರಡೂ ಇದ್ದವು. ಈ ವಾರ ಹೋಟೆಲಿನ ಎಣ್ಣೆ ಕಡಿಮೆ ಬಂತೆಂದು ಗಂಡ ಕೊಬ್ಬನ್ನೇ ಹೆಚ್ಚು ಸುರಿದದ್ದು ಅವಳ ಕಣ್ಣೆದುರೇ. ಒಂದಕ್ಕೆ ಇಷ್ಟು ದಪ್ಪ ಕೆನೆ ಕಟ್ಟಿರುವಾಗ ಇನ್ನೊಂದಕ್ಕೆ ಎಳೆಯಷ್ಟೂ ಮಂಜು ಕಟ್ಟಲಿಲ್ಲವೆ?

ಚಮಚ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಟಣಟಣ ಉರುಳಿಕೊಂಡು ಹೋಯಿತು.

"ಏ ಇವಳೇ!" ಅವಳ ಕೂಗಿಗೆ ಅಂಗಳದಲ್ಲಿ ಡಬ್ಬ ತೊಳೆಯುತ್ತಿದ್ದ ನಾದಿನಿ ಓಡಿ ಬಂದಳು. "ಬಾಟಲಿ ಒಳಗೆ ಯಾವಾಗ ತಂದೆ?"

"ಬೆಳಿಗ್ಗೆ ಕತ್ತಲಿದ್ದಾಗಲೇ ಅತ್ತಿಗೆ. ನೀವು ಮತ್ತೆ ಆ ಮೆಟ್ಟಿಲಿಳಿದು ಬೀಳೋದು ಬೇಡ ಅಂತ. ಮೇಲೆಲ್ಲ ಇಬ್ಬನಿ ಇತ್ತು, ಸೆರಗಲ್ಲಿ ಒರೆಸಿ ಒಲೆ ಮೇಲಿಟ್ಟೆ, ಆರಲಿ ಅಂತ."

"ಒಲೆ ಮೇಲೆ."

"ಹೂಂ. ಯಾಕೆ?"

"ಅದು ಹೊರಗೆ ಯಾಕಿರತ್ತೆ ಗೊತ್ತಾ ನಿನಗೆ?"

ನಾದಿನಿ ನಗುತ್ತಾ ಅತ್ತಿಗೆಯ ಕೊರಳಿನ ಬಟ್ಟೆಯತ್ತ ಕೈ ತೋರಿಸಿದಳು. "ಗೊತ್ತಿಲ್ವಾ? ನಿಮ್ಮ ಮೂಗಿಗೆ ಆಗಲ್ಲ ಅಂತ. ಅದಕ್ಕೇ ಬಿರಡೆ ಗಟ್ಟಿಯಾಗಿ ಒತ್ತಿ ಇಟ್ಟಿದೀನಿ. ವಾಸನೆ ಬಂತಾ?"

ಅತ್ತಿಗೆ ಕೊರಳಿನ ಬಟ್ಟೆ ಮುಟ್ಟಿಕೊಂಡಳು. ಇಷ್ಟು ದಿನ ಎಲ್ಲರೂ ತನ್ನ ಮೂಗನ್ನು ಆಡಿಕೊಂಡರು, ತಾನೂ ನಕ್ಕಳು. ಈ ಹುಡುಗಿಗೆ ಯಾರೂ ಯಾವ ಕಾರಣವನ್ನೂ ಹೇಳಿರಲಿಲ್ಲ. ತಾನೂ ಹೇಳಿರಲಿಲ್ಲ. ಅವಳು ಒಳಗೆ ಹೋಗಿ ಬಾಟಲಿ ಎತ್ತಿಕೊಂಡಳು. ಹಾಲು ತುಂಬಿದ ಮಗುವಿನ ಶೀಸೆಯ ಹಾಗೆ ಬೆಚ್ಚಗಿತ್ತು. ಅದನ್ನು ಹೊರಗಿನ ನೀರಿನ ತೊಟ್ಟಿಯಲ್ಲಿ, ಮೇಲೆ ಕಟ್ಟಿದ ಮಂಜುಗಡ್ಡೆಯ ಪದರ ಒಡೆದು ಮುಳುಗಿಸಿ ಹಿಡಿದಳು. ಇಬ್ಬರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಳದಲ್ಲಿ ಹೊಗೆಯಂಥದೊಂದು ಎದ್ದಿತು, ಸುತ್ತಿತು, ಮೇಲೇರಿತು. ಜೇನಿನ ಬಣ್ಣ ಕಣ್ಣೆದುರೇ ಕಲಗಚ್ಚಿನ ಹಾಗಾಯಿತು. ಅತ್ತಿಗೆ ಬಾಟಲಿ ತಲೆಕೆಳಗು ಮಾಡಿದಳು. ಒಳಗಿನದು ಜಾರಲೋ ಬೇಡವೋ ಎನ್ನುವಂತೆ ಅಲ್ಲೇ ತಡವರಿಸಿತು.

"ಇದೇ ಹಾಕಿದ್ದಾ?" ನಾದಿನಿಯ ದನಿ ಬದಲಾಗಿತ್ತು. "ಅಮ್ಮ ಹೋದ ಗಾಡಿಗೆ ಇದೇನಾ ಅತ್ತಿಗೆ?"

ಮೆಕ್ಯಾನಿಕನಿಗೆ ಹೇಳಿದಾಗ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬಾಟಲಿಯನ್ನು ತಿರುಗಿಸಿ ನೋಡಿದ, ಗುಡ್ಡದ ಕಡೆ ನೋಡಿದ, ಅಲ್ಲೇ ಡಬ್ಬದ ಮೇಲೆ ಕೂತುಬಿಟ್ಟ. ಮೇಲೆ ಗಾಳಿ ಜಾಸ್ತಿ. ಟ್ಯಾಂಕು ತಣ್ಣಗಾದರೆ ಮೊದಲು ಫಿಲ್ಟರ್ ಕಟ್ಟುತ್ತದೆ. ಎಂಜಿನ್ ನಿಂತರೆ ಒಳಗಿನ ಹೀಟರೂ ನಿಲ್ಲುತ್ತದೆ. ಒಳಗಿರುವವರು ರಕ್ತ ತೆಳುವಾದ, ಕೈಕಾಲು ಸದಾ ತಣ್ಣಗಿರುವ ರೋಗಿಗಳು. ಇಷ್ಟನ್ನೂ ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆಮೆಯ ಫೋನಿಗೆ ಮಾಡಿದರು, ಹತ್ತಲಿಲ್ಲ. ಆಸ್ಪತ್ರೆಗೆ ಮಾಡಿದರು. "ವ್ಯಾನು ಇನ್ನೂ ಬಂದಿಲ್ಲ. ನಾವೂ ನಿಮಗೇ ಫೋನ್ ಮಾಡೋಣ ಅಂತಿದ್ವಿ" ಎಂದಿತು ಆ ಕಡೆಯ ದನಿ.

"ನಮ್ಮ ಗಾಡಿ ತೆಗೀರಿ" ಎಂದಳು ಅತ್ತಿಗೆ.

"ನಮ್ಮ ಗಾಡಿ ಹೊಟ್ಟೇಲೂ ಅದೇ ಇದೆ."

ಅತ್ತಿಗೆ ಚಪ್ಪಲಿಯಲ್ಲೇ ರಸ್ತೆಗೆ ಓಡಿದಳು. ರಸ್ತೆಯಾಚೆ ಪೆಟ್ರೋಲ್ ಬಂಕು. ಅದರ ಯಜಮಾನನಿಗೂ ಇವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ದಿನಾ ಬೆಳಿಗ್ಗೆ ಅವನು ಅಲ್ಲಿಂದಲೇ ಕೂಗುತ್ತಿದ್ದ: "ಏನತ್ತಿಗೆ, ಇವತ್ತು ಗಾಡಿಗೆ ಕುರಿನೋ ಕೋಳಿನೋ?" ಇವತ್ತೂ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ.

"ಗುಡ್ಡದ ಮೇಲೆ ವ್ಯಾನು ನಿಂತಿರಬೇಕು. ನಾವು ಕೊಟ್ಟ ಎಣ್ಣೆ ಹೆಪ್ಪುಗಟ್ಟಿದೆ. ನಮ್ಮತ್ತೆ ಇದಾರೆ ಅದರಲ್ಲಿ" ಎಂದಳು.

ಆ ಮನುಷ್ಯ ಜೀಪಿನ ಬೀಗದ ಕೈ ಅವಳ ಕೈಯಲ್ಲಿಟ್ಟ. ಆಮೇಲೆ ಏನೋ ನೆನಪಾದವನಂತೆ ತಾನು ತೊಟ್ಟಿದ್ದ ದಪ್ಪ ಕೋಟನ್ನೂ ಬಿಚ್ಚಿ ಸೀಟಿನ ಮೇಲೆ ಎಸೆದು, ಬರಿ ಅಂಗಿಯಲ್ಲಿ ನಡುಗುತ್ತಾ ಒಳಗೆ ಹೋದ.

ಮನೆಯಲ್ಲಿದ್ದ ಕಂಬಳಿ, ಬಿಸಿನೀರಿನ ಫ್ಲಾಸ್ಕು, ಬಿಸಿನೀರು ತುಂಬಿದ ರಬ್ಬರ್ ಚೀಲ ಎಲ್ಲ ಜೀಪಿಗೆ ಬಿದ್ದವು. ಮೆಕ್ಯಾನಿಕ್ ಓಡಿಸಿದ. ಹಿಂದೆ ಅತ್ತಿಗೆ, ನಾದಿನಿ. ಮೊದಲ ತಿರುವು ದಾಟಿದ ಮೇಲೆ ಮೆಕ್ಯಾನಿಕ್ ಕನ್ನಡಿಯಲ್ಲಿ ನೋಡಿ ಕೇಳಿದ.

"ಬಾಟಲಿ ನೋಡಿದ್ದು ಯಾರು?"

"ನಾನು" ಎಂದಳು ಅತ್ತಿಗೆ.

ನಾದಿನಿ ಏನೋ ಹೇಳಲು ಬಾಯಿ ತೆಗೆದಳು. ಅತ್ತಿಗೆ ಉಳುಕಿದ ಕೈಯಿಂದಲೇ ಅವಳ ಮೊಣಕಾಲು ಅದುಮಿದಳು. ಆ ನೋವು ಇಬ್ಬರಿಗೂ ಆಯಿತು.

ಮೇಲೇರಿದಂತೆ ರಸ್ತೆಯ ಅಂಚಿನ ಹುಲ್ಲು ಬೆಳ್ಳಗಾಗುತ್ತಾ ಹೋಯಿತು. ಒಂದು ತಿರುವಿನಾಚೆ, ಗಾಳಿಗೆ ಮುಖವೊಡ್ಡಿಕೊಂಡು, ವ್ಯಾನು ನಿಂತಿತ್ತು. ಜೀಪು ಪೂರ್ತಿ ನಿಲ್ಲುವ ಮೊದಲೇ ಅತ್ತಿಗೆ ಇಳಿದಳು.

ವ್ಯಾನಿನ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

ಸೀಟುಗಳಿದ್ದವು. ಅತ್ತೆಯ ಚಳಿಯ ಟೋಪಿ ನೆಲದ ಮೇಲಿತ್ತು. ಯಾರದೋ ನೀರಿನ ಬಾಟಲಿ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಗಾಳಿಗೆ ಬಾಗಿಲು ಒಮ್ಮೆ ಮುಚ್ಚಿಕೊಂಡು ಮತ್ತೆ ತೆರೆಯಿತು. ಅತ್ತಿಗೆ ಒಂದೊಂದೇ ಸೀಟನ್ನು ಕೈಯಿಂದ ಮುಟ್ಟುತ್ತಾ ಹಿಂದಿನ ತನಕ ಹೋಗಿ ಬಂದಳು, ಮುಟ್ಟಿದರೆ ಯಾರಾದರೂ ಕಂಡಾರೇನೋ ಎಂಬಂತೆ. ಎಲ್ಲ ಸೀಟೂ ಕಲ್ಲಿನಂತೆ ತಣ್ಣಗಿದ್ದವು.

"ಅಮ್ಮಾ!" ಎಂದು ನಾದಿನಿ ಕಣಿವೆಯ ಕಡೆ ಕೂಗಿದಳು. ಕೂಗಬಾರದಿತ್ತು ಆ ಕಡೆ. ಅದನ್ನು ಕೇಳಿ ಮೆಕ್ಯಾನಿಕ್ ರಸ್ತೆಯಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡಿದ.

ಎಂಜಿನ್ನಿನ ಮುಚ್ಚಳ ಎತ್ತಿತ್ತು. ಅದರಂಚಿನಲ್ಲಿ, ಸಾಲಾಗಿ, ಒಂದು ಕರವಸ್ತ್ರ ಹಾಸಿ ಅದರ ಮೇಲೆ ಪುಟ್ಟ ಪುಟ್ಟ ತಿರುಪುಗಳನ್ನು ಇಟ್ಟಿದ್ದರು. ಒಂದೊಂದೂ ಒಂದೇ ಅಂತರದಲ್ಲಿ, ಬಿಚ್ಚಿದ ಕ್ರಮದಲ್ಲಿ. ಪಕ್ಕದಲ್ಲಿ ಫಿಲ್ಟರಿನ ಗಾಜಿನ ಬಟ್ಟಲು. ಅದರ ತುಂಬ ಮೇಣದಂಥ ಬಿಳಿಯ ಗಡ್ಡೆ. ಅಷ್ಟು ಅಚ್ಚುಕಟ್ಟಾಗಿ ತಿರುಪು ಜೋಡಿಸುವ ಕೈ ಆಮೆಯದಲ್ಲ ಎಂದು ಅತ್ತಿಗೆಗೆ ನೋಡಿದ ಕೂಡಲೇ ತಿಳಿಯಿತು.

"ಅಲ್ಲಿ ಹೊಗೆ!" ಎಂದ ಮೆಕ್ಯಾನಿಕ್.

ತಿರುವಿನ ಮೇಲುಗಡೆ ರಸ್ತೆ ರಿಪೇರಿಯವರ ತಗಡಿನ ಶೆಡ್ಡು. ಕೊಳವೆಯಿಂದ ಹೊಗೆ ಏಳುತ್ತಿತ್ತು. ಮೂವರೂ ಎದ್ದು ಬಿದ್ದು ಓಡಿದರು. ಬಾಗಿಲು ತಳ್ಳಿದರೆ ಒಳಗೆ, ಡಾಂಬರು ಕಾಯಿಸುವ ಹಳೆಯ ಪೀಪಾಯಿಯಲ್ಲಿ ಕಟ್ಟಿಗೆ ಉರಿಯುತ್ತಿತ್ತು. ಸುತ್ತ ಗೋಣಿಚೀಲ ಹೊದ್ದವರು. ಆಮೆ ಬಾಗಿಲ ಬಳಿಯೇ ಕೂತು ಏದುಸಿರು ಬಿಡುತ್ತಿದ್ದ. ಅವನು ಒಬ್ಬೊಬ್ಬರನ್ನೂ ಬೆನ್ನ ಮೇಲೆ ಹೊತ್ತು ಆ ಏರು ಹತ್ತಿಸಿದ್ದ. ಕಡೆಯವರನ್ನು ಈಗಷ್ಟೇ ಇಳಿಸಿದ್ದ.

"ಗಾಡಿ ಒಂದೆರಡು ಸಲ ಕೆಮ್ಮಿತು ಅತ್ತಿಗೆ. ಆಮೇಲೆ ಉಸಿರೇ ಬಿಡಲಿಲ್ಲ" ಎಂದ. ಹೇಳುತ್ತಾ ಅಳತೊಡಗಿದ. "ನಾನು ನಿಧಾನ ಹೋದದ್ದಕ್ಕೇ ಹಿಂಗಾಯ್ತಾ? ಬೇಗ ಹೋಗಿದ್ರೆ ದಾಟ್ತಿತ್ತಾ?"

"ಇಲ್ಲಪ್ಪಾ, ನಿನ್ನದೇನೂ ಇಲ್ಲ" ಎಂದಳು ಅತ್ತಿಗೆ. ಕಣ್ಣು ಅತ್ತೆಯನ್ನು ಹುಡುಕುತ್ತಿತ್ತು.

ಅತ್ತೆ ಬೆಂಕಿಗೆ ತೀರ ಹತ್ತಿರ ಕೂತಿದ್ದಳು. ತುಟಿ ನೀಲಿಗಟ್ಟಿತ್ತು, ಆದರೆ ಕಣ್ಣು ಚುರುಕಾಗಿತ್ತು. "ಬಂದ್ರಾ? ಅಂತೂ ಮೂವರೂ ಸೇರಿ ನನ್ನನ್ನ ಗಟ್ಟಿ ಮಾಡಿ ಇಡೋಕೆ ನೋಡಿದ್ರಿ" ಎಂದು ಗೊಣಗಿದಳು. ಅತ್ತಿಗೆ ಅವಳ ಕೈ ಹಿಡಿಯಹೋದಳು. ಆ ಸಣಕಲು ಕೈಗಳ ಮೇಲೆ, ಮೊಣಕೈ ತನಕ ಬರುವ ದೊಡ್ಡ ಉಣ್ಣೆಯ ಕೈಗವಸುಗಳಿದ್ದವು.

ಅವು ಯಾರವೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

ಗಡಿಯಾರದವರು ಮೂಲೆಯಲ್ಲಿದ್ದರು. ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು ಗೋಡೆಗೆ ಒರಗಿದ್ದರು. "ಆಮೆಯ ಬೆರಳು ಬಾಳೆಕಾಯಿ ಥರ. ಆ ತಿರುಪು ಅವನ ಕೈಗೆ ಸಿಗಲಿಲ್ಲ" ಎಂದರು, ತಪ್ಪು ತಮ್ಮದೇ ಎನ್ನುವ ಹಾಗೆ. "ಗ್ಲೌಸ್ ಹಾಕ್ಕೊಂಡು ನನಗೂ ಆಗಲಿಲ್ಲ. ತಾಯಿಗೆ ಕೊಟ್ಟೆ. ಕೆರೆದು ತೆಗೆದರೆ ಹೋಗುತ್ತೇನೋ ಅಂದುಕೊಂಡೆ. ತೆಗೆದಷ್ಟೂ ಬರ್ತಿತ್ತು. ಏನಮ್ಮಾ ಅದು, ಮೇಣಾನಾ?"

"ಕೈ ತೋರಿಸಿ" ಎಂದಳು ಅತ್ತಿಗೆ.

ತೋರಿಸಿದರು. ಬಲಗೈಯ ಬೆರಳುಗಳ ತುದಿ, ಹೆಪ್ಪುಗಟ್ಟಿದ ಸಾರಿನ ಬಟ್ಟಲಿನ ಮೇಲೆ ಬೆಳಿಗ್ಗೆ ಅವಳು ಕಂಡ ಬಿಳುಪಿನದೇ ಬಿಳುಪಾಗಿತ್ತು. ಅವಳು ಮೆಲ್ಲಗೆ ಒತ್ತಿದಳು.

"ಗೊತ್ತಾಗ್ತಿದೆಯಾ?"

"ಇಲ್ಲ. ಅಷ್ಟೊಂದು ನೋವಿಲ್ಲ ಬಿಡಿ" ಎಂದು ಅವರು ಸಮಾಧಾನ ಹೇಳಿದರು. ಅವಳಿಗೆ, ಅವರು.

ಜೀಪಿನಲ್ಲಿ ಎಲ್ಲರನ್ನೂ ಒತ್ತರಿಸಿ ಕೂರಿಸಿ ಗುಡ್ಡದಾಚೆಯ ಆಸ್ಪತ್ರೆಗೆ ಇಳಿಸಿದರು. ಬಂಕಿನವನ ಕೋಟು ಗಡಿಯಾರದವರ ಮೇಲಿತ್ತು. ಅವರ ಕೈಗಳನ್ನು ಅತ್ತಿಗೆ ದಾರಿಯುದ್ದಕ್ಕೂ ತನ್ನ ಹೊಟ್ಟೆಯ ಹತ್ತಿರ, ಸ್ವೆಟರಿನ ಒಳಗೆ ಇಟ್ಟುಕೊಂಡಿದ್ದಳು. ಯಾರೂ ಅದನ್ನು ವಿಚಿತ್ರವೆಂದುಕೊಳ್ಳಲಿಲ್ಲ. ಅತ್ತೆ ಮಾತ್ರ ಒಮ್ಮೆ ನೋಡಿ, ಕಂಬಳಿಯ ತನ್ನ ಪಾಲನ್ನು ಅವರ ಮೊಣಕಾಲ ಮೇಲೆ ಎಳೆದಳು.

ಆಸ್ಪತ್ರೆಯಲ್ಲಿ ಡಯಾಲಿಸಿಸ್ ಎಲ್ಲರಿಗೂ ನಡೆಯಿತು, ತಡವಾಗಿಯಾದರೂ. ಹಿಂದಿನ ಸೀಟಿನ ಇಬ್ಬರೂ ಚೇತರಿಸಿಕೊಂಡರು. ಅತ್ತೆ ಸಂಜೆ ಹೊತ್ತಿಗೆ ನರ್ಸಿಗೆ ಬೈಯುವಷ್ಟಾದಳು. ಗಡಿಯಾರದವರನ್ನು ಮಾತ್ರ ವಾರ್ಡಿನಲ್ಲೇ ಉಳಿಸಿಕೊಂಡರು. ಮೊದಲೇ ರಕ್ತ ಓಡಾಡದ ಕೈ. ಬೆರಳು ಉಳಿಯುತ್ತವೋ ಇಲ್ಲವೋ ಕಾದು ನೋಡಬೇಕು ಎಂದರು ಡಾಕ್ಟರು.

ನಾದಿನಿ ಅವತ್ತೇ ಅಣ್ಣನ ಮುಂದೆ ನಿಂತು ಎಲ್ಲ ಹೇಳಿಬಿಟ್ಟಳು. "ಅತ್ತಿಗೆ ಸುಮ್ಮನೆ ತಮ್ಮ ಮೇಲೆ ಹಾಕ್ಕೊಂಡರು. ಒಲೆ ಮೇಲಿಟ್ಟವಳು ನಾನು."

"ನೋಡಿದವಳು ನಾನು" ಎಂದಳು ಅತ್ತಿಗೆ.

"ಕೊಬ್ಬು ಸುರಿದವನು ನಾನು. ಸಾಕು, ಇಬ್ಬರೂ ಬಾಯಿ ಮುಚ್ಕೊಳ್ಳಿ" ಎಂದ ಮೆಕ್ಯಾನಿಕ್. ಮನೆಗೆ ಹೋದವನೇ ಆ ಡ್ರಮ್ಮಿನದನ್ನೆಲ್ಲ ಬಾಯ್ಲರಿಗೆ ಕಳಿಸಿದ. ಮಾದರಿಯ ಬಾಟಲಿಯನ್ನು ಹೊರಗಿನ ಹಲಗೆಗೆ ತಂತಿ ಬಿಗಿದು ಕಟ್ಟಿದ. ಈಗ ಅದನ್ನು ಬಿಚ್ಚಬೇಕಾದರೆ ಇಕ್ಕಳ ಬೇಕು.

ಗಡಿಯಾರದವರ ಹೆಂಡತಿ ಎತ್ತರದ, ಮಾತು ಕಡಿಮೆಯ ಹೆಂಗಸು. ಆಸ್ಪತ್ರೆಗೆ ಬಂದ ಕೂಡಲೇ ಅತ್ತಿಗೆ ಅವಳ ಎದುರಿಗೆ ಹೋಗಿ ನಿಂತಳು. "ಆ ಎಣ್ಣೆ ನಮ್ಮದು. ಸರಿಯಾಗಿ ನೋಡದೆ ಸರಿಯಾಗಿದೆ ಅಂತ ಕಳಿಸಿದವಳು ನಾನು" ಎಂದಳು. ಬೈಗುಳ ಬಂದರೆ ತಿನ್ನಲು ತಯಾರಾಗಿದ್ದಳು. ಆ ಹೆಂಗಸು ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅತ್ತೆ ಮರಳಿಸಿದ ಕೈಗವಸುಗಳನ್ನು ಮಡಚಿ, ಒಂದರೊಳಗೆ ಒಂದು ಸೇರಿಸಿ, ಚೀಲಕ್ಕೆ ಹಾಕಿಕೊಂಡು ವಾರ್ಡಿನೊಳಗೆ ಹೋದಳು.

ಅಂದಿನಿಂದ ಅತ್ತಿಗೆ ನಾದಿನಿ ದಿನಾ ಬಂದು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಯಾರೂ ಕರೆಯಲಿಲ್ಲ, ಯಾರೂ ಹೋಗಿ ಎನ್ನಲಿಲ್ಲ. ಆ ಹೆಂಗಸು ಬೆಳಿಗ್ಗೆ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವರ ಮುಂದೆಯೇ ಹಾದುಹೋಗುತ್ತಿದ್ದಳು. ಬಾಗಿಲಿನ ಗಾಜಿನಿಂದ ಒಳಗೆ ಕಾಣುತ್ತಿತ್ತು: ಎರಡೂ ಕೈಗೆ ದಪ್ಪ ಬ್ಯಾಂಡೇಜು, ಹೆಂಡತಿ ತುತ್ತು ಕೊಡುತ್ತಿದ್ದಾಳೆ. ಹಕ್ಕಿಮರಿಯ ಹಾಗೆ ಬಾಯಿ ತೆರೆಯಲು ಅವರಿಗೆ ನಾಚಿಕೆ. ಪ್ರತಿ ತುತ್ತಿಗೂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅಗಿಯುತ್ತಿದ್ದರು. ಹಾಸಿಗೆಯ ಪಕ್ಕದ ಗೋಡೆ ಗಡಿಯಾರ ಸ್ವಲ್ಪ ಹಿಂದೆ ನಡೆಯುತ್ತಿತ್ತು. ಅದನ್ನು ನೋಡಿ ಅವರ ಹೆಗಲು ತಾನಾಗಿ ಮುಂದೆ ಬಾಗಿ, ಮತ್ತೆ ದಿಂಬಿಗೆ ಒರಗುವುದನ್ನು ಅತ್ತಿಗೆ ಒಂದು ಸಲವಲ್ಲ, ಎಷ್ಟೋ ಸಲ ನೋಡಿದಳು.

ಡಾಕ್ಟರು ಗಡಿಯಾರದವರ ಹೆಂಡತಿಯನ್ನು ಕೋಣೆಗೆ ಕರೆದು ಕಡೆಯ ಮಾತು ಹೇಳಿದ್ದು ಒಂದು ಮಧ್ಯಾಹ್ನ. ಹೆಬ್ಬೆರಳು ಉಳಿದಿದೆ. ಎಡಗೈ ಪೂರ್ತಿ ಚೇತರಿಸಿಕೊಂಡಿದೆ. ಬಲಗೈಯ ತೋರುಬೆರಳು, ನಡುಬೆರಳು, ಇವೆರಡರ ತುದಿ ಹೋಯಿತು, ತೆಗೆಯಬೇಕು.

ಕೋಣೆಯ ಬಾಗಿಲು ತೆರೆದಿತ್ತು, ಬೆಂಚಿನಲ್ಲಿದ್ದ ಅತ್ತಿಗೆಗೂ ಕೇಳಿಸಿತು. ಅರ್ಥವೂ ಆಯಿತು. ಆದರೂ ಅವಳು ತನ್ನ ತೋರುಬೆರಳನ್ನೂ ಹೆಬ್ಬೆರಳನ್ನೂ ಜೋಡಿಸಿ, ಕಾಣದ ಒಂದು ತಿರುಪನ್ನು ಹಿಡಿದವಳಂತೆ ನೋಡುತ್ತಾ ಕೂತಳು. ಬಿಟ್ಟಳು. ಮತ್ತೆ ಹಿಡಿದಳು. ಪಕ್ಕದಲ್ಲಿ ನಾದಿನಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅದೇ ಸೆರಗು, ಬಾಟಲಿ ಒರೆಸಿದ್ದು.

ಗಡಿಯಾರದವರ ಹೆಂಡತಿ ಡಾಕ್ಟರ ಕೋಣೆಯಿಂದ ಹೊರಗೆ ಬಂದಳು. ಕೈಯಲ್ಲಿ ಎಂದಿನಂತೆ ಊಟದ ಡಬ್ಬಿ. ವಾರ್ಡಿನ ಬಾಗಿಲ ತನಕ ಹೋದಳು. ಹಿಡಿಕೆಯ ಮೇಲೆ ಕೈ ಇಟ್ಟಳು.

ಬಾಗಿಲು ತೆರೆಯಲಿಲ್ಲ.

ಹಾಗೇ ನಿಂತಿದ್ದಳು. ಗಾಜಿನಿಂದ ಒಳಗೆ ನೋಡಿದಳು. ಅವರು ಇನ್ನೂ ಸುದ್ದಿ ತಿಳಿಯದೆ ಗೋಡೆ ಗಡಿಯಾರದ ಕಡೆ ನೋಡುತ್ತಿದ್ದರು, ಊಟದ ಹೊತ್ತಾಯಿತೆಂದು. ಹಿಂದಿರುಗಿ ಬಂದಳು. ಬೆಂಚಿನ ಮುಂದೆ ನಿಂತಳು. ಈಗ ಬಂತು, ಬರಲಿ ಎಂದು ಅತ್ತಿಗೆ ಎದ್ದು ನಿಂತು ತಲೆ ತಗ್ಗಿಸಿದಳು. ಕೊರಳಿನ ಬಟ್ಟೆಯನ್ನು, ಯಾಕೆಂದು ತಿಳಿಯದೆಯೇ, ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

ಬೈಗುಳ ಬರಲಿಲ್ಲ. ಆ ಹೆಂಗಸು ಚೀಲದಿಂದ ಒಂದು ಚಮಚ ತೆಗೆದು, ತನ್ನ ಸೆರಗಿನಲ್ಲಿ ಒರೆಸಿ, ಡಬ್ಬಿಯ ಮುಚ್ಚಳದ ಮೇಲಿಟ್ಟಳು. ಡಬ್ಬಿಯನ್ನು ಅತ್ತಿಗೆಯ ಎರಡೂ ಕೈಗಳಲ್ಲಿ ಇಟ್ಟು, ಉಳುಕಿದ ಮಣಿಕಟ್ಟಿಗೆ ಭಾರವಾಗದ ಹಾಗೆ ಸ್ವಲ್ಪ ಓರೆ ಮಾಡಿ ಕೂರಿಸಿದಳು. ಆಮೇಲೆ ವಾರ್ಡಿನ ಬಾಗಿಲಿನ ಕಡೆ ಒಂದು ಸಲ ನೋಡಿ, ನಾದಿನಿಯ ಪಕ್ಕ ಬೆಂಚಿನಲ್ಲಿ ಕುಸಿದು ಕೂತು, ಕಣ್ಣು ಮುಚ್ಚಿಕೊಂಡಳು.

ಡಬ್ಬಿಯ ತಳ ಬೆಚ್ಚಗಿತ್ತು.